ಗಂಟೆಗೆ ಹತ್ತು ಮೈಲಿ

ಕಳೆದ ಅಕ್ಟೋಬರ್ ತಿಂಗಳ ಮೂರನೆಯ ಸೋಮವಾರ, ನ್ಯೂಜೆರ್ಸಿಯ ಎಡಿಸನ್‌ನ ಹಿರಿಯರ ಹಗಲು ಕೇಂದ್ರವೊಂದು ತನ್ನ ವ್ಯಾನ್ ಚಾಲಕ ಖಲೀಲ್ ಅಹ್ಮದ್ ಅವರಿಗೆ ಒಂದು ಪುಟದ ಪತ್ರ ಕೊಟ್ಟಿತು. ಅವರ ವ್ಯಾನಿನ ಬೆಳಗಿನ ಸರಾಸರಿ ವೇಗ ಗಂಟೆಗೆ ಹತ್ತು ಮೈಲಿ; ಉಳಿದ ಮೂರು ವ್ಯಾನುಗಳದು ಹದಿನಾಲ್ಕರ ಮೇಲೆ. ಜೊತೆಗೆ, ವಾರದಲ್ಲಿ ಮೂರು ನಾಲ್ಕು ದಿನ ಔಷಧಿ ಅಂಗಡಿಯೊಂದರ ಪಾರ್ಕಿಂಗ್ ಜಾಗದಲ್ಲಿ ವ್ಯಾನು ಆರೇಳು ನಿಮಿಷ ಕಾರಣವಿಲ್ಲದೆ ನಿಂತಿರುತ್ತದೆ. ಬುಧವಾರ ಮತ್ತು ಗುರುವಾರ ವ್ಯಾನನ್ನು ಇನ್ನೊಬ್ಬರು ಓಡಿಸಿ ನೋಡುತ್ತಾರೆ. ಶುಕ್ರವಾರ ಹನ್ನೊಂದು ಗಂಟೆಗೆ ಖಲೀಲ್ ಅಹ್ಮದ್ ಬಂದು ವಿವರಣೆ ಕೊಡಬೇಕು. ವಿವರಣೆ ತೃಪ್ತಿಕರವಾಗಿರದಿದ್ದರೆ ವ್ಯಾನನ್ನು ಬೇರೆಯವರಿಗೆ ವಹಿಸಲಾಗುವುದು.

ಇಷ್ಟು ಬರೆದರೆ ಸುದ್ದಿ ಮುಗಿಯಿತು. ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಮೂವತ್ತು ವರ್ಷ ಕೂತು ಇತರರ ವಾಕ್ಯಗಳ ಬಾಲ ಕತ್ತರಿಸಿದವಳು ನಾನು. ಯಾರು, ಏನು, ಎಲ್ಲಿ, ಯಾವಾಗ ಎಂಬುದಕ್ಕೆಲ್ಲ ಮೊದಲ ಪ್ಯಾರಾದಲ್ಲೇ ಉತ್ತರ ಸಿಗಬೇಕೆಂದು ಹೊಸಬರನ್ನು ಗದರಿದ್ದೇನೆ. ‘ಎಷ್ಟು ವೇಗವಾಗಿ’ ಎಂಬ ಪ್ರಶ್ನೆ ಮಾತ್ರ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಇರದಿದ್ದುದೇ ಒಳ್ಳೆಯದಾಯಿತು. ಒಮ್ಮೆ, ಒಂದೇ ಒಂದು ಸಲ, ನಾನಾಗಿಯೇ ಆ ಪ್ರಶ್ನೆಗೆ ಉತ್ತರ ಕೊಡಲು ಹೋಗಿದ್ದೆ. ಹೊಸ ಬಸ್ಸೊಂದು ಇನ್ನೂರ ಇಪ್ಪತ್ತೈದು ಕಿಲೋಮೀಟರನ್ನು ನಾಲ್ಕು ಗಂಟೆ ಮೂವತ್ತು ನಿಮಿಷದಲ್ಲಿ ಕ್ರಮಿಸುತ್ತದೆಂದು ವರದಿಗಾರ ಬರೆದಿದ್ದ. ಓದುಗರಿಗೆ ಅನುಕೂಲವಾಗಲೆಂದು ನಾನು ಸರಾಸರಿ ವೇಗವನ್ನೂ ಸೇರಿಸಿದೆ: ಗಂಟೆಗೆ ಐವತ್ತೆರಡು ಕಿಲೋಮೀಟರ್. ಮೂರನೆಯ ದಿನ ಅಂಚೆಕಾರ್ಡು ಬಂತು. ಬರೆದವರು ನಿವೃತ್ತ ಮೇಷ್ಟರು. ‘ನಾಲ್ಕು ಗಂಟೆ ಮೂವತ್ತು ನಿಮಿಷವನ್ನು ತಾವು ನಾಲ್ಕು ಬಿಂದು ಮೂರು ಎಂದು ಭಾಗಿಸಿದ್ದೀರಿ. ಗಂಟೆಗೆ ಅರವತ್ತು ನಿಮಿಷಗಳಿರುತ್ತವೆ, ನೂರಲ್ಲ. ಸರಿಯಾದ ಉತ್ತರ ಐವತ್ತು.’ ಮರುದಿನ ತಿದ್ದುಪಡಿ ಹಾಕಿದೆವು, ಅದೂ ಏಳನೆಯ ಪುಟದಲ್ಲಿ, ಹರಾಜು ಪ್ರಕಟಣೆಯ ಕೆಳಗೆ. ಆ ಎರಡು ಕಿಲೋಮೀಟರಿನ ನಾಚಿಕೆ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

ನ್ಯೂಜೆರ್ಸಿಗೆ ಬಂದ ಮೇಲೆ ಗೊತ್ತಾದದ್ದು, ಇಲ್ಲಿ ದೂರವನ್ನು ಯಾರೂ ದೂರವಾಗಿ ಹೇಳುವುದಿಲ್ಲ ಎಂಬುದು. ಪಿಸ್ಕಾಟವೇ ಎಷ್ಟು ದೂರ ಎಂದರೆ ‘ಹದಿನೈದು ನಿಮಿಷ’. ರಾಬಿನ್ಸ್‌ವಿಲ್‌ನ ದೇವಸ್ಥಾನ ಎಷ್ಟು ದೂರ ಎಂದರೆ ‘ನಲವತ್ತು ನಿಮಿಷ, ಟ್ರಾಫಿಕ್ ಇಲ್ಲದಿದ್ದರೆ’. ಆ ‘ಇಲ್ಲದಿದ್ದರೆ’ ಎಂಬ ಸ್ಥಿತಿಯನ್ನು ನಾನಂತೂ ಕಂಡಿಲ್ಲ. ಇದನ್ನು ಅಮೆರಿಕದ ವಿಚಿತ್ರವೆಂದು ನಗುವ ಹಕ್ಕು ನಮಗಿಲ್ಲ. ಕೂಗಳತೆ ದೂರ ಎಂದವರು ನಾವೇ. ಅಲ್ಲಿ ಕೂಗುವವನ ಗಂಟಲು ಅಳತೆಗೋಲು, ಇಲ್ಲಿ ಕಾರು. ಎರಡರಲ್ಲೂ ಹೇಳುವವನ ಹೆಮ್ಮೆ ಸ್ವಲ್ಪ ಬೆರೆತಿರುತ್ತದೆ. ನ್ಯೂಯಾರ್ಕಿಗೆ ರೈಲಿನಲ್ಲಿ ಹೋಗಿಬರುವ ನಮ್ಮ ಬೀದಿಯವರು ‘ಡೋರ್ ಟು ಡೋರ್ ಒಂದು ಗಂಟೆ ಹತ್ತು ನಿಮಿಷ’ ಎನ್ನುತ್ತಾರಲ್ಲ, ಅದು ಎಂದೋ ಒಂದು ದಿನ ರೈಲು, ಸಿಗ್ನಲ್, ಲಿಫ್ಟು ಎಲ್ಲ ಒಟ್ಟಾಗಿ ಕೃಪೆ ತೋರಿದಾಗಿನ ದಾಖಲೆ. ಸರಾಸರಿ ಕೇಳಿದರೆ ಮಾತು ಬದಲಾಯಿಸುತ್ತಾರೆ.

ಹಗಲು ಕೇಂದ್ರ ಎಂದರೆ ಏನೆಂದು ಗೊತ್ತಿಲ್ಲದವರಿಗಾಗಿ: ಮಗ, ಸೊಸೆ, ಮಗಳು, ಅಳಿಯ ಕೆಲಸಕ್ಕೆ ಹೊರಟ ಮೇಲೆ ಮನೆಯಲ್ಲಿ ಉಳಿಯುವ ಹಿರಿಯರನ್ನು ವ್ಯಾನು ಬಂದು ಕರೆದೊಯ್ಯುತ್ತದೆ. ಅಲ್ಲಿ ಚಹಾ, ಕೈಕಾಲಿನ ವ್ಯಾಯಾಮ, ಇಸ್ಪೀಟು, ಮಧ್ಯಾಹ್ನದ ಊಟ. ಮೂರು ಗಂಟೆಯ ಮೇಲೆ ಮತ್ತೆ ವ್ಯಾನು, ಮನೆ. ಮಂಗಳವಾರ ಮತ್ತು ಬುಧವಾರ ನಾನು ಅಲ್ಲಿಗೆ ಹೋಗಿ ಕನ್ನಡ ಬಲ್ಲವರಿಗೆ ಪತ್ರಿಕೆ ಓದಿಹೇಳುತ್ತೇನೆ. ಅವರ ಬಾಯಲ್ಲಿ ನಾನು ‘ಪೇಪರ್ ಮೇಡಂ’. ಬೆಳಿಗ್ಗೆ ಕಾರು ನನ್ನ ಮನೆಯವರ ಕೈಯಲ್ಲಿರುವುದರಿಂದ ಖಲೀಲ್ ಭಾಯ್ ಹೊರಡುವಾಗ ನನ್ನನ್ನೂ ಹತ್ತಿಸಿಕೊಳ್ಳುತ್ತಾರೆ; ನನ್ನ ಮನೆ ಕೇಂದ್ರದ ಹಿಂದಿನ ಬೀದಿಯಲ್ಲೇ ಇದ್ದರೂ ನಾನು ಊರೆಲ್ಲ ಸುತ್ತಿ ಬರುತ್ತೇನೆ.

ಖಲೀಲ್ ಭಾಯ್ ಮೈಸೂರಿನವರು. ಅಲ್ಲಿನ ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದು ನಿವೃತ್ತರಾದರು. ಈಗ ಪಿಸ್ಕಾಟವೇಯಲ್ಲಿ ಮಗಳ ಮನೆ. ವಯಸ್ಸು ಅರವತ್ತೇಳು. ವ್ಯಾನಿನ ಹಿಂದಿನ ಸೀಟುಗಳಲ್ಲಿ ಅವರಿಗಿಂತ ಚಿಕ್ಕವರು ಇಬ್ಬರಿದ್ದಾರೆ. ಪತ್ರ ಬಂದ ಮರುದಿನ, ಮಂಗಳವಾರ ಬೆಳಿಗ್ಗೆ, ಅವರು ಅದನ್ನು ನನ್ನ ಕೈಗಿಟ್ಟು ಕನ್ನಡಿ ಸರಿಮಾಡಿಕೊಳ್ಳುತ್ತಾ ಹೇಳಿದರು: “ವ್ಯಾನ್ ಹೋದ್ರೆ ಮಗಳು ನನ್ನನ್ನೂ ಇಲ್ಲಿಗೇ ಸೇರಿಸ್ತಾಳೆ ಮೇಡಂ. ಫಾರ್ಮ್ ತಂದಿಟ್ಟಿದಾಳೆ. ಇವತ್ತು ಮುಂದಿನ ಸೀಟು, ಸೋಮವಾರದಿಂದ ಹಿಂದಿನ ಸೀಟು. ವ್ಯಾನು ಅದೇ.”

“ಅಲ್ಲಿ ಯಾಕೆ ನಿಲ್ಲಿಸ್ತೀರಿ ಅಂತ ಹೇಳಿಬಿಡಿ, ಮುಗೀತು” ಎಂದೆ.

“ಕಾರಣ ಕೇಳಿದ್ರೆ ಹೇಳ್ತಿದ್ದೆ. ‘ಕಾರಣವಿಲ್ಲದೆ’ ಅಂತ ಅವರೇ ಬರ್ದುಬಿಟ್ಟಿದಾರಲ್ಲ.”

ಮನೆಯಲ್ಲೂ ಇದೇ ಉತ್ತರವಂತೆ. ಹತ್ತು ವರ್ಷದ ಮೊಮ್ಮಗಳು ಊಟದ ಮೇಜಿನಲ್ಲಿ “ನಾನಾ, ಜಸ್ಟ್ ಟೆಲ್ ದೆಮ್!” ಎಂದು ಚಮಚ ಬಡಿದಳಂತೆ. ಅಜ್ಜ ಕೇಳಲಿಲ್ಲ. ಡಿಪೋದಲ್ಲಿ ಮೂವತ್ತು ವರ್ಷ ಇತರರಿಂದ ಕಾರಣ ಬರೆಸಿಕೊಂಡವರಿಗೆ ತಾವೇ ಕಾರಣ ಬರೆಯುವುದು ಕಷ್ಟ. ನನಗದು ಅರ್ಥವಾಗುತ್ತದೆ. ಏಳನೆಯ ಪುಟದ ಆ ತಿದ್ದುಪಡಿಯನ್ನು ನಾನೂ ಇನ್ನೊಬ್ಬರ ಕೈಯಲ್ಲಿ ಬರೆಸಿದ್ದೆ.

ಆ ಮಂಗಳವಾರ ನಾನು ಪತ್ರಿಕೆಯನ್ನು ಚೀಲದಲ್ಲಿಟ್ಟು, ನೋಟ್‌ಪುಸ್ತಕ ತೆಗೆದು ಗಡಿಯಾರ ನೋಡುತ್ತಾ ಕೂತೆ. ಏಳೂವರೆಗೆ ಕೇಂದ್ರದಿಂದ ಹೊರಟದ್ದು. ನಮ್ಮ ರಸ್ತೆಗಳಲ್ಲಿ ಎಡಕ್ಕೆ ಹೋಗಬೇಕಾದರೆ ಮೊದಲು ಬಲಕ್ಕೆ ಇಳಿದು, ಬಳಸಿಕೊಂಡು ಬಂದು, ಸಿಗ್ನಲ್ಲಿಗೆ ಕಾಯಬೇಕು. ದೂರ ಎಂಬುದು ಇಲ್ಲಿ ಹೀಗೆ ಹುಟ್ಟುತ್ತದೆ. ಹಳದಿ ಸ್ಕೂಲ್ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ ಹಿಂದಿನವರು, ಎದುರಿನವರು ಎಲ್ಲರೂ ನಿಲ್ಲಬೇಕು. ಕಾಲ ಹೀಗೆ ಬೆಳೆಯುತ್ತದೆ. ಪ್ರತಿ ಮನೆಯ ಮುಂದೆ ಖಲೀಲ್ ಭಾಯ್ ಇಳಿದು ಬಾಗಿಲವರೆಗೆ ಹೋಗಿ, ಕೈಹಿಡಿದು ಮೆಟ್ಟಿಲಿಳಿಸಿ, ಬೆಲ್ಟು ಹಾಕಿ, ಊರುಗೋಲನ್ನು ಸೀಟಿನ ಪಕ್ಕಕ್ಕೆ ಸಿಕ್ಕಿಸಿ, ಆಮೇಲೆ ತಮ್ಮ ಸೀಟಿಗೆ ಬರುತ್ತಿದ್ದರು.

ಮೂರನೆಯ ಮನೆ ಸಾವಿತ್ರಮ್ಮನವರದು. ಹಾಸನ ಕಡೆಯವರು, ಎಪ್ಪತ್ತೆರಡು, ಮಾತು ಜಾಸ್ತಿ. ಅವರ ಮನೆಗೆ ಇನ್ನೂ ಎರಡು ಬೀದಿ ಇದೆ ಎನ್ನುವಾಗ ವ್ಯಾನು ಔಷಧಿ ಅಂಗಡಿಯ ಪಾರ್ಕಿಂಗಿಗೆ ಹೊರಳಿ ನಿಂತಿತು. ಗಂಟೆ ಏಳು ಐವತ್ತು. ಹಿಂದೆ ಕೂತಿದ್ದ ಇಬ್ಬರು ಅದು ಮಾಮೂಲು ಎಂಬಂತೆ ಕಣ್ಣುಮುಚ್ಚಿದರು. ನಾನು ಕಾದೆ. ಇಲ್ಲಿ ಚಹಾ ಬರಬಹುದು, ಫೋನು ಬರಬಹುದು, ಯಾರಾದರೂ ಬರಬಹುದು. ಬರೆದುಕೊಳ್ಳಲು ಪೆನ್ನು ಸಿದ್ಧವಿತ್ತು. ಏನೂ ಬರಲಿಲ್ಲ. ಖಲೀಲ್ ಭಾಯ್ ಕೈಗಡಿಯಾರ ನೋಡುತ್ತಿದ್ದರು.

“ಸಿಗ್ನಲ್ ಎಲ್ಲಾ ಗ್ರೀನ್ ಸಿಕ್ತು ಇವತ್ತು. ಆರು ನಿಮಿಷ ಮುಂಚೆ ಬಂದ್ಬಿಟ್ವಿ” ಎಂದರು, ತಪ್ಪೊಪ್ಪಿಗೆಯ ದನಿಯಲ್ಲಿ.

“ಮುಂಚೆ ಬಂದ್ರೆ ಒಳ್ಳೇದೇ ಅಲ್ವಾ ಭಾಯ್?”

ಅವರು ನನ್ನನ್ನು ನೋಡಿದ ರೀತಿ, ನಾನು ಹೊಸ ಉಪಸಂಪಾದಕರನ್ನು ನೋಡುತ್ತಿದ್ದಂತೆಯೇ ಇತ್ತು. “ಬಿಫೋರ್ ಟೈಂ ಹೋಗೋದು ಲೇಟ್ ಹೋಗೋದಕ್ಕಿಂತ ದೊಡ್ಡ ತಪ್ಪು ಮೇಡಂ. ಡಿಪೋದಲ್ಲಿ ಲೇಟಾದ ಡ್ರೈವರಿಗೆ ಬೈತಿದ್ದೆ, ಮುಂಚೆ ಹೊರಟವನಿಗೆ ಮೆಮೊ ಕೊಡ್ತಿದ್ದೆ. ಲೇಟಾದ್ರೆ ಸ್ಟಾಪಲ್ಲಿರೋ ಜನ ಬೈತಾರೆ. ಮುಂಚೆ ಹೋದ್ರೆ ಬೈಯೋಕೂ ಜನ ಹತ್ತಿರೋದಿಲ್ಲ.”

ಏಳು ಐವತ್ತಾರಕ್ಕೆ ಹೊರಟೆವು. ಏಳು ಐವತ್ತೆಂಟಕ್ಕೆ ಸಾವಿತ್ರಮ್ಮ ಬಾಗಿಲು ತೆರೆದು, ಶೂ ಹಾಕಿ, ಶಾಲು ಹೊದ್ದು ನಿಂತಿದ್ದರು. “ಭಾಯ್ ವ್ಯಾನು ಬಂತು ಅಂದ್ರೆ ನಮ್ಮನೆ ಗಡಿಯಾರ ಸರಿಯಾಗಿದೆ ಅಂತ. ಮಗ ತಂದಿಟ್ಟಿರೋದು ಏನೋ ಮಾತಾಡೋ ಡಬ್ಬ, ಅದಕ್ಕೆ ನನ್ನ ಇಂಗ್ಲಿಷೇ ಗೊತ್ತಾಗಲ್ಲ” ಎಂದು ಹತ್ತಿದರು.

ಒಂಬತ್ತು ಹದಿನೆಂಟಕ್ಕೆ ಕೇಂದ್ರ ಮುಟ್ಟಿದೆವು. ಒಟ್ಟು ದೂರ ಹದಿನೆಂಟು ಮೈಲಿ. ಒಟ್ಟು ಕಾಲ ಒಂದು ಗಂಟೆ ನಲವತ್ತೆಂಟು ನಿಮಿಷ. ಮೇಷ್ಟರ ಅಂಚೆಕಾರ್ಡನ್ನು ನೆನೆದು ನಲವತ್ತೆಂಟನ್ನು ಅರವತ್ತರಿಂದ ಭಾಗಿಸಿ, 1.8 ಗಂಟೆ ಎಂದು ಬರೆದೆ. ಹದಿನೆಂಟನ್ನು ಅದರಿಂದ ಭಾಗಿಸಿದರೆ ಹತ್ತು. ಪತ್ರದ ಲೆಕ್ಕ ಸರಿಯಾಗಿಯೇ ಇತ್ತು. ಇದು ನನಗೆ ಸ್ವಲ್ಪ ನಿರಾಸೆ ತಂದಿತು. ಆಡಳಿತದವರ ಲೆಕ್ಕ ತಪ್ಪಿದ್ದರೆ ಡೆಸ್ಕಿನವರಿಗೆ ಸುಲಭ.

ಸಂಜೆ ಅದೇ ದಾರಿ, ಅದೇ ಹದಿನೆಂಟು ಮೈಲಿ, ಒಂದು ಗಂಟೆ ಹನ್ನೆರಡು ನಿಮಿಷ. ಅಂದರೆ ಗಂಟೆಗೆ ಹದಿನೈದು ಮೈಲಿ. ನಾನು ಉತ್ಸಾಹದಿಂದ, “ಬೆಳಿಗ್ಗೆ ಹತ್ತು, ಸಂಜೆ ಹದಿನೈದು. ದಿನದ ಸರಾಸರಿ ಹನ್ನೆರಡೂವರೆ ಆಯ್ತು ಭಾಯ್!” ಎಂದೆ. ಖಲೀಲ್ ಭಾಯ್ ರಸ್ತೆಯಿಂದ ಕಣ್ಣು ತೆಗೆಯದೆ, “ಹನ್ನೆರಡು” ಎಂದರು. ಮನೆಗೆ ಹೋಗಿ ಭಾಗಿಸಿ ನೋಡಿದೆ: ಒಟ್ಟು ಮೂವತ್ತಾರು ಮೈಲಿ, ಒಟ್ಟು ಮೂರು ಗಂಟೆ. ಹನ್ನೆರಡೇ. ವೇಗಗಳನ್ನು ಕೂಡಿ ಎರಡರಿಂದ ಭಾಗಿಸಬಾರದು; ನಿಧಾನವಾಗಿ ಹೋದಾಗ ಕಾಲ ಹೆಚ್ಚು ಹಿಡಿಯುತ್ತದೆ, ಆದ್ದರಿಂದ ಅದರ ತೂಕವೂ ಹೆಚ್ಚು. ಒಂದು ಗುಂಡಿಯನ್ನು ಜೋಪಾನವಾಗಿ ದಾಟಿದವಳು ಪಕ್ಕದ ಗುಂಡಿಗೆ ಬಿದ್ದಿದ್ದೆ. ಪುಣ್ಯಕ್ಕೆ ಈ ಸಲ ಅದು ಅಚ್ಚಾಗಿರಲಿಲ್ಲ.

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಜವ ಮತ್ತು ವೇಗ ಎಂದು ಎರಡು ಮಾತುಗಳಿದ್ದವು. ಎಷ್ಟು ಉರುಳಿದೆ ಎಂಬುದು ಜವ. ಹೊರಟಲ್ಲಿಂದ ಎಷ್ಟು ಆಚೆಗೆ, ಯಾವ ದಿಕ್ಕಿಗೆ ಸರಿದೆ ಎಂಬುದು ವೇಗ. ಪರೀಕ್ಷೆ ಮುಗಿದೊಡನೆ ನಾವು ಎರಡನ್ನೂ ಒಂದೇ ಡಬ್ಬಿಗೆ ಹಾಕಿ ವೇಗ ಎಂದು ಕರೆದೆವು, ಪತ್ರಿಕೆಯಲ್ಲೂ ಹಾಗೆಯೇ ನಡೆಯಿತು. ಆ ಪುಸ್ತಕದ ಪ್ರಕಾರ ನಡೆದರೆ ಖಲೀಲ್ ಭಾಯ್ ಗತಿ ಇನ್ನೂ ಕೆಡುತ್ತಿತ್ತು. ಕೇಂದ್ರದಿಂದ ಹೊರಟು ಕೇಂದ್ರಕ್ಕೇ ಮರಳುವ ವ್ಯಾನಿನ ಸರಾಸರಿ ವೇಗ ಸೊನ್ನೆ. ಅವರದು ಮಾತ್ರವೇನು, ನಾಲ್ಕೂ ವ್ಯಾನುಗಳದು, ನ್ಯೂಯಾರ್ಕಿಗೆ ಹೋಗಿ ಸಂಜೆ ಮನೆಗೆ ಬಂದು ಸೋಫಾದಲ್ಲಿ ಕುಸಿಯುವ ನಮ್ಮ ಬೀದಿಯವರದು ಕೂಡ. ಇದನ್ನು ವಾದವಾಗಿ ಶುಕ್ರವಾರ ಮಂಡಿಸೋಣವೇ ಎಂದು ಒಂದು ಕ್ಷಣ ಯೋಚಿಸಿ ಬಿಟ್ಟೆ. ಬುದ್ಧಿವಂತಿಕೆಯಿಂದ ಕೆಲಸ ಉಳಿದ ಉದಾಹರಣೆ ನಾನು ಡೆಸ್ಕಿನಲ್ಲಿ ಕಂಡಿರಲಿಲ್ಲ.

ಬುಧವಾರ ವ್ಯಾನಿನಲ್ಲಿ ಹೊಸ ಚಾಲಕ. ಮೂವತ್ತರ ಹರೆಯದವನು, ಒಳ್ಳೆಯ ಹುಡುಗ, ಎಲ್ಲರಿಗೂ ಗುಡ್ ಮಾರ್ನಿಂಗ್ ಹೇಳಿದ. ಸಾವಿತ್ರಮ್ಮನವರ ಮನೆಗೆ ಏಳು ಐವತ್ತಕ್ಕೇ ತಲುಪಿ ಹಾರ್ನ್ ಮಾಡಿದ. ಅವರು ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಮನೆಯ ಚಪ್ಪಲಿ ಹಾಕಿಕೊಂಡು, ಕಿವಿಯ ಯಂತ್ರ ಮರೆತು ಓಡಿಬಂದರು. “ಏನಾಯ್ತು, ಯಾರಿಗೇನಾಯ್ತು?” ಎಂದು ನನ್ನನ್ನು ಕೇಳಿದರು. ಏನೂ ಆಗಿಲ್ಲ, ವ್ಯಾನು ಬೇಗ ಬಂದಿದೆ ಅಷ್ಟೇ ಎಂದೆ. ಅವರಿಗೆ ಕೇಳಿಸಲಿಲ್ಲ.

ಐದನೆಯ ಮನೆ ಗೋಪಾಲಸ್ವಾಮಿಯವರದು. ಚನ್ನಪಟ್ಟಣದ ಕಡೆಯವರು, ಎಪ್ಪತ್ತೆಂಟು, ಮಾತು ಕಡಿಮೆ. ಖಲೀಲ್ ಭಾಯ್ ಅಲ್ಲಿ ಮುಟ್ಟುವುದು ಎಂಟು ಇಪ್ಪತ್ತನಾಲ್ಕಕ್ಕೆ. ಅಂದು ನಾವು ಮುಟ್ಟಿದ್ದು ಎಂಟು ಆರಕ್ಕೆ. ಹಾರ್ನ್ ಆಯಿತು, ಫೋನ್ ಆಯಿತು, ಬಾಗಿಲು ಬಡಿದದ್ದೂ ಆಯಿತು. ಅವರು ಆ ಹೊತ್ತಿನಲ್ಲಿ ಸ್ನಾನದಲ್ಲಿರುತ್ತಾರೆಂದು ನಾನು ಹೇಳಿದೆ. ಹುಡುಗ ಮೂರು ನಿಮಿಷ ಕಾದು, ಪರದೆಯ ಮೇಲೆ ‘ಬಂದಿಲ್ಲ’ ಎಂಬ ಗುಂಡಿ ಒತ್ತಿದ. ಅವನ ಮೇಲೆ ತಪ್ಪು ಹೊರಿಸಲಾರೆ. ಮೂರು ನಿಮಿಷ ಎಂಬುದು ಕೇಂದ್ರದ ನಿಯಮ. ಎಂಟು ನಲವತ್ತೆರಡಕ್ಕೆ ಕೇಂದ್ರದಲ್ಲಿದ್ದೆವು. ಹದಿನೆಂಟು ಮೈಲಿ, ಒಂದು ಗಂಟೆ ಹನ್ನೆರಡು ನಿಮಿಷ, ಸರಾಸರಿ ಹದಿನೈದು.

ಗೋಪಾಲಸ್ವಾಮಿಯವರು ತಮ್ಮ ಪದ್ಧತಿಯಂತೆ ಎಂಟು ಇಪ್ಪತ್ತೆರಡಕ್ಕೆ ಕೈಚೀಲ ಹಿಡಿದು ಹೊರಬಂದರು. ಹಿಂದೆ ಬಾಗಿಲು ತಾನಾಗಿ ಬೀಗ ಹಾಕಿಕೊಂಡಿತು. ಕೀಲಿ ಇರುವುದು ಮ್ಯಾನ್‌ಹಟನ್ನಿನಲ್ಲಿ ಕೆಲಸ ಮಾಡುವ ಸೊಸೆಯ ಬಳಿ. ಫೋನು ಒಳಗಿನ ಮೇಜಿನ ಮೇಲೆ. ಅವರು ಫುಟ್‌ಪಾತಿನ ಅಂಚಿನಲ್ಲಿ ನಿಂತರು. ಒಂಬತ್ತೂಕಾಲಿಗೆ ಎದುರುಮನೆಯವರು ನಾಯಿ ಹಿಡಿದು ಹೊರಬಂದಾಗಲೂ ಅಲ್ಲೇ ನಿಂತಿದ್ದರಂತೆ. ಒಳಗೆ ಬನ್ನಿ ಎಂದು ಕರೆದರೆ, “ಇಲ್ಲ, ವ್ಯಾನ್ ಬರುತ್ತೆ. ಅವರು ತಪ್ಪಿಸೋರಲ್ಲ” ಎಂದು ಕನ್ನಡದಲ್ಲೇ ಹೇಳಿದರಂತೆ. ಎದುರುಮನೆಯವರು ಕೊರಿಯಾದವರು. ಅವರು ಕುರ್ಚಿ ತಂದು ಹಾಕಿ, ಸೊಸೆಗೆ ಫೋನ್ ಮಾಡಿದರು.

ಶುಕ್ರವಾರ ಹನ್ನೊಂದಕ್ಕೆ ಖಲೀಲ್ ಭಾಯ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ನನ್ನನ್ನು ಸಾಕ್ಷಿಯೆಂದು ಕರೆದಿದ್ದರು. ಮೇಲ್ವಿಚಾರಕಿಯ ಹೆಸರು ಗ್ಲೋರಿಯಾ. ಕಟುವಾದವರಲ್ಲ, ವಾರಕ್ಕೊಮ್ಮೆ ಕಂಪ್ಯೂಟರ್ ಕಳಿಸುವ ವರದಿಯಲ್ಲಿ ವ್ಯಾನಿನ ದೂರ, ಸಮಯ, ವೇಗ, ನಿಲುಗಡೆ ಇರುತ್ತವೆ, ಕೆಂಪು ಬಣ್ಣ ಬಂದ ಸಾಲಿಗೆ ಪತ್ರ ಕೊಡುವುದು ಅವರ ಕೆಲಸ. ಎಷ್ಟು ಜನ ಹತ್ತಿದರೆಂಬುದು ಬೇರೆ ವರದಿ, ಬೇರೆ ಮೇಜು.

ನಾನು ವಾದಿಸಲಿಲ್ಲ. ಬರೆದು ತಂದಿದ್ದ ಹಾಳೆಯನ್ನು ಮುಂದಿಟ್ಟೆ. ವಿಶೇಷಣಗಳಿಲ್ಲದ ಹಾಳೆ. ಮಂಗಳವಾರ: ಹದಿನೆಂಟು ಮೈಲಿ, ಚಕ್ರ ಉರುಳಿದ್ದು ಅರವತ್ತನಾಲ್ಕು ನಿಮಿಷ, ಎಂಟು ಬಾಗಿಲುಗಳ ಮುಂದೆ ಮೂವತ್ತೆಂಟು, ಔಷಧಿ ಅಂಗಡಿಯಲ್ಲಿ ಆರು, ಸರಾಸರಿ ಹತ್ತು, ಹತ್ತಿದವರು ಎಂಟು. ಬುಧವಾರ: ಹದಿನೆಂಟು ಮೈಲಿ, ಎಪ್ಪತ್ತೆರಡು ನಿಮಿಷ, ಸರಾಸರಿ ಹದಿನೈದು, ಹತ್ತಿದವರು ಏಳು.

ಗ್ಲೋರಿಯಾ ಬೆರಳಿಟ್ಟು ಓದಿದರು. ಬೆರಳು ಕೊನೆಯ ಅಂಕಿಯ ಮೇಲೆ ನಿಂತಿತು.

“ಏಳು?” ಎಂದರು.

“ಏಳು” ಎಂದೆ.

ಗೋಪಾಲಸ್ವಾಮಿಯವರ ಸೊಸೆಯ ದೂರು ಗ್ಲೋರಿಯಾ ಅವರ ಮೇಜಿನ ಮೇಲೆಯೇ ಇತ್ತು. ಅದನ್ನು ಅವರು ಹಿರಿಯರ ಮರೆವಿನ ಕಡತಕ್ಕೆ ಸೇರಿಸಿದ್ದರು. ಈಗ ತೆಗೆದು ಹಾಳೆಯ ಪಕ್ಕ ಇಟ್ಟುಕೊಂಡರು. ಆಮೇಲೆ ಖಲೀಲ್ ಭಾಯ್ ಕಡೆ ತಿರುಗಿ, ಔಷಧಿ ಅಂಗಡಿಯಲ್ಲಿ ಏಕೆ ನಿಲ್ಲಿಸುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಕೇಳಿದ್ದೇ ತಡ, ಖಲೀಲ್ ಭಾಯ್ ಹೇಳಿದರು. ಇಪ್ಪತ್ತು ನಿಮಿಷ ಹೇಳಿದರು. ಸಿಗ್ನಲ್ಲುಗಳು, ಸ್ಕೂಲ್ ಬಸ್ಸು, ಮಳೆಯ ದಿನಕ್ಕೆಷ್ಟು, ಹಿಮದ ದಿನಕ್ಕೆಷ್ಟು, ಯಾರ ಮೆಟ್ಟಿಲಿಗೆ ಹಿಡಿಯಲು ಕಂಬಿ ಇಲ್ಲ, ಯಾರಿಗೆ ನೋಯುವ ಮೊಣಕಾಲು ಯಾವುದು. ಜೇಬಿನಿಂದ ಒಂದು ಕಾಗದ ತೆಗೆದರು. ಎಂಟು ಹೆಸರು, ಎಂಟು ವೇಳೆ; ಇದರ ನಕಲು ಎಂಟು ಮನೆಗಳ ಫ್ರಿಜ್ಜಿನ ಮೇಲೂ ಅಂಟಿದೆಯೆಂದು ನನಗೆ ತಿಳಿದದ್ದೇ ಆಗ. ದಾರಿ ಸಲೀಸಾಗಿ ಸಿಕ್ಕಿದ ದಿನ ಮಿಕ್ಕ ನಿಮಿಷಗಳನ್ನು ಎಲ್ಲಾದರೂ ಕಳೆಯಲೇಬೇಕು, ಯಾರ ಮನೆಯ ಮುಂದೆ ನಿಂತರೂ ಅವರು ಗಡಿಬಿಡಿಯಾಗುತ್ತಾರೆ, ಅಂಗಡಿಯ ಪಾರ್ಕಿಂಗು ಯಾರ ಮನೆಗೂ ಕಾಣುವುದಿಲ್ಲ ಎಂದರು.

“ಇದನ್ನು ಮೊದಲೇ ಹೇಳಬಾರದಿತ್ತೇ?” ಎಂದರು ಗ್ಲೋರಿಯಾ.

“ಪತ್ರದಲ್ಲಿ ಪ್ರಶ್ನೆ ಇರಲಿಲ್ಲ ಮೇಡಂ” ಎಂದರು ಖಲೀಲ್ ಭಾಯ್, ಅವರ ಇಂಗ್ಲಿಷಿನಲ್ಲಿ. ಗ್ಲೋರಿಯಾ ಪತ್ರ ತೆಗೆದು ಮತ್ತೆ ಓದಿದರು. ಇರಲಿಲ್ಲ.

ತೀರ್ಮಾನ ಅಂದೇ ಆಯಿತು. ವ್ಯಾನು ಖಲೀಲ್ ಅಹ್ಮದ್ ಅವರ ಬಳಿಯೇ ಉಳಿಯಿತು. ಖಾಸಗಿ ಪಾರ್ಕಿಂಗಿನಲ್ಲಿ ಅನುಮತಿಯಿಲ್ಲದೆ ನಿಲ್ಲಿಸಿದ್ದಕ್ಕೆ ಲಿಖಿತ ಎಚ್ಚರಿಕೆಯೂ ಸಿಕ್ಕಿತು. ಅದನ್ನು ಅವರು ಎರಡು ಸಲ ಓದಿ, ಮೆಮೊ ಸರಿಯಾಗಿ ಬರೆದಿದ್ದಾರೆಂದು ಮೆಚ್ಚಿ ಸಹಿ ಹಾಕಿದರು. ಈಗ ಪಕ್ಕದ ಗ್ರಂಥಾಲಯದ ಮುಂದೆ ನಿಲ್ಲಿಸುತ್ತಾರೆ. ಅಲ್ಲಿ ಅನುಮತಿ ಇದೆ. ಮಗಳು ತಂದಿಟ್ಟಿದ್ದ ಫಾರ್ಮಿನ ಹಿಂಬದಿಯಲ್ಲಿ ಮೊಮ್ಮಗಳು ಚಿತ್ರ ಬರೆದಿದ್ದಾಳೆಂದು ಕೇಳಿದ್ದೇನೆ. ನಾನು ನೋಡಿಲ್ಲವಾದ್ದರಿಂದ ಏನು ಚಿತ್ರವೆಂದು ಹೇಳಲಾರೆ.

ಡಿಸೆಂಬರ್ ಮೊದಲ ಸೋಮವಾರದಿಂದ ವ್ಯಾನಿಗೆ ಒಂಬತ್ತನೆಯ ಪ್ರಯಾಣಿಕರೊಬ್ಬರು ಸೇರಿದ್ದಾರೆ. ಅವರು ಗ್ಲೋರಿಯಾ ಅವರ ತಾಯಿ, ಎಂಬತ್ತೊಂದು ವರ್ಷ. ಹತ್ತುವ ವೇಳೆ ಎಂಟು ಐವತ್ತೊಂದು. ಈ ಕಾರಣ ಬೆಳಗಿನ ದೂರ ಇಪ್ಪತ್ತು ಮೈಲಿಯಾಗಿದೆ, ಕಾಲ ಎರಡು ಗಂಟೆ ಆರು ನಿಮಿಷ. ಸರಾಸರಿ ವೇಗ ಗಂಟೆಗೆ ಒಂಬತ್ತೂವರೆ ಮೈಲಿ.